ಮಂಗಟ್ಟೆ ಹೋಗಿ ಕಾಗೆ ಆಯ್ತು: ನಮ್ಮ ಟಿಟಿ ಸ್ಟಿಕ್ಕರ್ ಉಳಿಸ್ಕೊಳ್ಳೋಕೆ ಪಟ್ಟ ಪಾಡು

ನಮ್ಮ ಟಿಟಿ (ಟೆಂಪೋ ಟ್ರಾವೆಲರ್) ಹಿಂದ್ಗಡೆ ಒಂದು ಮಂಗಟ್ಟೆ ಹಕ್ಕಿ ಸ್ಟಿಕ್ಕರ್ ಇತ್ತು. ಕಪ್ಪು ಮೈ, ದೊಡ್ಡ ಹಳದಿ ಕೊಕ್ಕು, ರೆಕ್ಕೆ ಬಿಚ್ಕೊಂಡು ಹಾರ್ತಿರೋ ಥರ. 2023ರ ಏಪ್ರಿಲಲ್ಲಿ ಜೋಗದಲ್ಲಿ ಗಾಡಿ ನಿಲ್ಸಿ ಚಾ ಕುಡೀತಿದ್ದೆ, ಒಂದು ಪುಟ್ಟ ಹುಡ್ಗ ಬಂದು ಅವ್ರಪ್ಪನ ಕೈ ಜಗ್ಗಿ "ಅಪ್ಪಾ ನೋಡು, ಎಷ್ಟ್ ದೊಡ್ಡ ಕಾಗೆ" ಅಂದ. ನಂಗೆ ಮೊದ್ಲು ನಗು ಬಂತು, ಆಮೇಲೆ ಎದ್ದು ಹೋಗಿ ಸರಿಯಾಗಿ ನೋಡಿದೆ. ಹುಡುಗಂದು ತಪ್ಪಿಲ್ಲ. ಕೊಕ್ಕು ಹಳದಿ ಹೋಗಿ ಮಜ್ಜಿಗೆ ಬಣ್ಣಕ್ಕೆ ಬಂದಿತ್ತು, ಗಾಡಿ ಬಿಳಿ ಬಣ್ಣದ್ದು ಆದ್ರಿಂದ ಕೊಕ್ಕು ಇದೆ ಅನ್ನೋದೇ ಕಾಣ್ತಿರ್ಲಿಲ್ಲ, ಉಳ್ದಿದ್ದು ಬರೀ ಕಪ್ಪು. ಹಾಕ್ಸಿ ಒಂದೂವರೆ ವರ್ಷನೂ ಆಗಿರ್ಲಿಲ್ಲ.

ಗಾಡಿ ಬಗ್ಗೆ ಒಂದೆರಡು ಮಾತು ಹೇಳ್ಬಿಡ್ತೀನಿ. ಸೆಕೆಂಡ್ ಹ್ಯಾಂಡ್ ಫೋರ್ಸ್ ಟ್ರಾವೆಲರ್, ಒಳಗೆ ಸೀಟು ಕಿತ್ತು ಎರಡು ಮಂಚ, ಒಂದು ಚಿಕ್ಕ ಅಡಿಗೆ ಕಟ್ಟೆ, ನೀರಿನ ಟ್ಯಾಂಕು ಮಾಡ್ಸಿದ್ದೀವಿ. ಮನೆಯವ್ರು, ಭಾವನ ಮನೆಯವ್ರು ಸೇರ್ಕೊಂಡು ವರ್ಷಕ್ಕೆ ನಾಕೈದು ಸಲ ಊರು ಸುತ್ತೋಕೆ. ಮನೆ ಇರೋದು ಹೊಸನಗರ ತಾಲ್ಲೂಕು, ನಗರದಿಂದ ಸ್ವಲ್ಪ ಒಳಗೆ, ಹುಲಿಕಲ್ ಘಾಟಿ ದೂರ ಇಲ್ಲ. ಅಂದ್ರೆ ಮಳೆ ವಿಷ್ಯದಲ್ಲಿ ಆಗುಂಬೆಯವ್ರ ಹತ್ರನೂ ಜಗಳ ಆಡೋ ಊರು. 2021ರ ಡಿಸೆಂಬರಲ್ಲಿ ಶಿವಮೊಗ್ಗದ ಒಂದು ರೇಡಿಯಂ ಅಂಗಡೀಲಿ (ಹೆಸ್ರು ಬೇಡ ಬಿಡಿ) ಎರಡೂ ಪಕ್ಕಕ್ಕೆ ಕೆಂಪು-ಕಿತ್ತಳೆ ಪಟ್ಟಿ, ಮುಂದೆ ಗ್ಲಾಸಿನ ಮೇಲೆ ಹೆಸರು, ಹಿಂದೆ ಈ ಹಕ್ಕಿ, ಎಲ್ಲಾ ಹಾಕ್ಸಿದ್ದೆ. "ಅಣ್ಣಾ ಐದು ವರ್ಷ ಏನೂ ಆಗಲ್ಲ" ಅಂದಿದ್ರು. ನಾನೂ ಏನೂ ಕೇಳ್ಲಿಲ್ಲ, ಯಾವ ಮೆಟೀರಿಯಲ್, ಲ್ಯಾಮಿನೇಶನ್ ಇದ್ಯಾ ಇಲ್ವಾ ಅಂತ. ರೇಟ್ ಕೇಳ್ದೆ, ಕಮ್ಮಿ ಮಾಡ್ಸಿದೆ, ಬಂದೆ.

ಜೋಗದಿಂದ ಬಂದ ಮೇಲೆ ಗಾಡಿ ಸುತ್ತ ಒಂದು ರೌಂಡ್ ಹೊಡ್ದು ನೋಡಿದ್ರೆ ಒಂದು ವಿಚಿತ್ರ ಕಾಣ್ತು. ಎಡಗಡೆ ಪಟ್ಟಿ ಕೆಂಪು ಹೋಗಿ ಹಳೇ ಇಟ್ಟಿಗೆ ಥರ, ಬಲಗಡೆ ಪಟ್ಟಿ ನಿನ್ನೆ ಹಾಕ್ಸಿದ ಹಾಗೆ. ಒಂದೇ ದಿನ ಒಂದೇ ರೋಲಿಂದ ಹಾಕಿದ್ದು ಎರಡೂ. ಸ್ವಲ್ಪ ಹೊತ್ತು ತಲೆ ಕೆರ್ಕೊಂಡು ಆಮೇಲೆ ಗೊತ್ತಾಯ್ತು, ನಮ್ಮ ಅಂಗಳದಲ್ಲಿ ಗಾಡಿ ಯಾವಾಗ್ಲೂ ಒಂದೇ ಕಡೆ ಮುಖ ಮಾಡಿ ನಿಲ್ಲೋದು, ಎಡಗಡೆ ದಕ್ಷಿಣಕ್ಕೆ. ಡಿಸೆಂಬರಿಂದ ಏಪ್ರಿಲ್ ತನಕ ಸೂರ್ಯ ನಮಗೆ ದಕ್ಷಿಣದಲ್ಲೇ ಇರೋದಲ್ವಾ, ಶಿವಮೊಗ್ಗ ಸೀಮೆ ಹೆಚ್ಚುಕಮ್ಮಿ 14 ಡಿಗ್ರೀಲಿರೋದ್ರಿಂದ ಏಪ್ರಿಲ್ ಕೊನೇ ವಾರಕ್ಕೆ ನೆತ್ತಿ ಮೇಲೆ ಬರ್ತಾನೆ, ಮಧ್ಯಾಹ್ನ ಕಂಬದ ನೆರಳೇ ಇರಲ್ಲ. ಅಲ್ಲೀ ತನಕ ಮೋಡ ಇಲ್ಲದ ಅಷ್ಟೂ ತಿಂಗಳು ಎಡಗಡೆಗೆ ನೇರ ಬಿಸ್ಲು. ಇನ್ನು ಬಾನೆಟ್ಟು, ಗ್ಲಾಸಿನ ಮೇಲಿನ ಇಳಿಜಾರು ಭಾಗ ಇದೆಯಲ್ಲ, ಅದಂತೂ ಕೇಳ್ಬೇಡಿ, ಅಡ್ಡಡ್ಡ ಇರೋ ಜಾಗಕ್ಕೆ ಇಡೀ ದಿನ ಬಿಸ್ಲು, ಅಲ್ಲಿದ್ದ ಅಕ್ಷರ ಎಲ್ಲ ಬೇಸಿಗೆ ಕೆರೆ ತಳದ ಥರ ಬಿರುಕು ಬಿಟ್ಟು ಉಗುರಲ್ಲಿ ಮುಟ್ಟಿದ್ರೆ ಚೂರು ಚೂರು ಉದ್ರುತ್ತಿತ್ತು.

ಬಣ್ಣ ಹೋಗೋಕೂ ಒಂದು ಕ್ರಮ ಇದೆ ಅಂತೆ. ಪ್ರಿಂಟ್ ಮಾಡಿದ ಸ್ಟಿಕ್ಕರಲ್ಲಿ ಹಳದಿ, ಗುಲಾಬಿ ಇಂಕು ಬೇಗ ಸಾಯತ್ತೆ, ಕಪ್ಪು ಗಟ್ಟಿ. ಮಂಗಟ್ಟೆ ಕಾಗೆ ಆಗಿದ್ದು ಹಾಗೆ.

ಸರಿ, ಬಣ್ಣ ತಾನೇ, ಮುಂದಿನ ವರ್ಷ ನೋಡೋಣ ಅಂತ ಬಿಟ್ಟೆ. ಅದೇ ನಾನು ಮಾಡಿದ ದೊಡ್ಡ ತಪ್ಪು, ಯಾಕಂದ್ರೆ ಬಿಸ್ಲು ಬಣ್ಣ ಮಾತ್ರ ತಿಂದಿರ್ಲಿಲ್ಲ. ಸ್ಟಿಕ್ಕರ್ ಅಂದ್ರೆ ಪಿವಿಸಿ, ಅದು ಮೆತ್ತಗಿರ್ಲಿ ಅಂತ ಒಳಗೆ ಒಂಥರಾ ಎಣ್ಣೆಯಂಥದ್ದು ಸೇರ್ಸಿರ್ತಾರೆ, ಪ್ಲಾಸ್ಟಿಸೈಸರ್ ಅಂತ. ಬಿಸಿಲಿಗೆ ಅದು ನಿಧಾನ ಹೊರಗೆ ಹೋಗತ್ತೆ, ಸ್ಟಿಕ್ಕರ್ ಒಣಗತ್ತೆ, ಕುಗ್ಗತ್ತೆ. ಕುಗ್ಗಿದ್ದು ಒಂದು ಮಿಲಿಮೀಟರ್ ಇರ್ಬಹುದು ಅಷ್ಟೇ, ಆದ್ರೆ ಅಂಚಲ್ಲಿ ಅಷ್ಟು ಅಗಲ ಗಮ್ ಬರಿಮೈಯಲ್ಲಿ ಉಳಿಯತ್ತೆ, ಅದಕ್ಕೆ ಧೂಳು ಕೂತು ಪಟ್ಟಿ ಸುತ್ತ ಕಾಡಿಗೆ ಹಚ್ಚಿದ ಹಾಗೆ ಕಪ್ಪು ಗೆರೆ. ನಾನು ಅದನ್ನ ಕೊಳೆ ಅಂದ್ಕೊಂಡು ಬಟ್ಟೇಲಿ ತಿಕ್ಕಿ ತಿಕ್ಕಿ ಅಂಚು ಇನ್ನಷ್ಟು ಎಬ್ಸಿದೆ. ಆಮೇಲೆ ಮಳೆಗಾಲ ಬಂತು. 2023 ಅಂದ್ರೆ ನೆನಪಿರ್ಬಹುದು, ಮಳೆ ಕೈಕೊಟ್ಟು ಬರ ಅಂತ ಘೋಷಣೆ ಆದ ವರ್ಷ, ಜೂನ್ ಪೂರ್ತಿ ಆಕಾಶ ನೋಡಿದ್ದೇ ಆಯ್ತು. ಅಂಥಾ ವರ್ಷದಲ್ಲೇ ಎದ್ದಿದ್ದ ಅಂಚಿನ ಕೆಳಗೆ ನೀರು ಸೇರಿ ಹೊರಗೆ ಹೋಗೋಕೆ ದಾರಿ ಇಲ್ದೆ ಅಲ್ಲೇ ಕೂತು, ಆಗಸ್ಟ್ ಹೊತ್ತಿಗೆ ಹಸ್ರು ಹಾವಸೆ. ಅಂಗಳದ ಕಲ್ಲಿನ ಮೇಲೆ ಬೆಳೆಯೋ ಹಾವಸೆನೇ, ಗಾಡಿ ಮೈಮೇಲೆ. ಬೇಸಿಗೆ ಬಾಗ್ಲು ತೆಗ್ದು ಕೊಡತ್ತೆ, ಮಳೆಗಾಲ ಒಳಗೆ ಬಂದು ಕೂರತ್ತೆ, ನಮ್ಮಲ್ಲಿ ಸ್ಟಿಕ್ಕರ್ ಹಾಳಾಗೋದು ಹೀಗೇ.

ಇದ್ರ ಮಧ್ಯೆ ಇನ್ನೊಂದು ಘನಕಾರ್ಯ ಮಾಡಿದ್ದೆ. ಮಳೆ ಬೀಳ್ಬಾರ್ದು ಅಂತ ಜುಲೈಯಲ್ಲಿ ಗಾಡಿಗೆ ಟಾರ್ಪಾಲು ಹೊದ್ಸಿ ಹಗ್ಗ ಬಿಗಿದು ಕಟ್ಟಿದ್ದೆ. ಅಪ್ಪಯ್ಯ ಜಗಲೀಲಿ ಕೂತು ನೋಡ್ತಾ ಇದ್ದವ್ರು "ಅಲ್ಲ ಮಾರಾಯ, ಮಣ್ಣಿನ ಗೋಡೆಗೆ ಸೋಗೆ ಕಟ್ಟೋದಾದ್ರೂ ಗೋಡೆಗೆ ತಾಗಿಸಿ ಕಟ್ತಾರನಾ? ಗಾಳಿ ಆಡೋದು ಬ್ಯಾಡ್ವಾ?" ಅಂದ್ರು. ನಾನು ಹೂಂ ಹೂಂ ಅಂದು ಇನ್ನೊಂದು ಗಂಟು ಹಾಕಿದೆ. ಇಪ್ಪತ್ತು ದಿನ ಬಿಟ್ಟು ಬಿಚ್ಚಿದ್ರೆ ಒಳಗೆ ಬೆವರಿದ ಹಾಗೆ ನೀರು, ಸ್ಟಿಕ್ಕರ್ ಮೇಲೆಲ್ಲ ಕಪ್ಪು ಚುಕ್ಕೆ ಬೂಷ್ಟು, ಗಾಳಿಗೆ ಟಾರ್ಪಾಲು ತಿಕ್ಕಿ ತಿಕ್ಕಿ ಹಿಂದಿನ ಮೂಲೇಲಿ ಹಕ್ಕಿಯ ಒಂದು ರೆಕ್ಕೆ ತುದಿನೇ ಇಲ್ಲ. ಸ್ಟಿಕ್ಕರೊಳಗಿನ ಆ ಎಣ್ಣೆ ಅಂಶನೇ ಬೂಷ್ಟಿಗೆ ಊಟ ಅಂತ ಆಮೇಲೆ ಗೊತ್ತಾಯ್ತು. ಅಪ್ಪಯ್ಯ ಏನೂ ಹೇಳ್ಲಿಲ್ಲ, ಕವಳ ಹಾಕ್ಕೊಂಡು ಆ ಕಡೆ ಮುಖ ಮಾಡಿ ಕೂತ್ರು. ಅದು ಇನ್ನೂ ಕಷ್ಟ.

ನವೆಂಬರಲ್ಲಿ ಎಲ್ಲಾ ಕೀಳೋದು ಅಂತ ತೀರ್ಮಾನ ಆಯ್ತು. ಅಂಗಡಿಯವ್ರು ಕೀಳೋಕೇ ಬೇರೆ ದುಡ್ಡು ಹೇಳಿದ್ರು, ನಾನೇ ಮಾಡ್ತೀನಿ ಅಂದೆ. ಮೂರು ದಿನ ಹೋಯ್ತು. ಹೊಸ ಸ್ಟಿಕ್ಕರ್ ಆದ್ರೆ ಬಾಳೆ ಸಿಪ್ಪೆ ಥರ ಬರತ್ತೆ, ಒಣಗಿದ್ದು ಹಾಗಲ್ಲ, ಚಿಕ್ಕ ಉಗುರಿನಷ್ಟು ತುಂಡು ತುಂಡು. ಹೆಂಡ್ತಿ ಹೇರ್ ಡ್ರೈಯರ್ ತಗೊಂಡು ಒಂದು ಗೇಣು ಜಾಗ ಬಿಸಿ ಮಾಡೋದು, ಹಳೇ ಎಟಿಎಂ ಕಾರ್ಡಲ್ಲಿ ಅಂಚು ಎಬ್ಸಿ ನಿಧಾನ ಎಳೆಯೋದು, ಅಷ್ಟ್ರಲ್ಲಿ ಕರೆಂಟ್ ಹೋಗೋದು. ಬ್ಲೇಡ್ ಹಾಕ್ಬೇಡಿ, ಒಂದ್ಸಲ ಹಾಕಿ ಪೇಂಟ್ ಮೇಲೆ ಗೀರು ಬಿದ್ದಿದೆ, ಈಗ್ಲೂ ಇದೆ. ಕರೆಂಟ್ ಇಲ್ದಾಗ ಬೆಳಿಗ್ಗೆ ಹತ್ತು-ಹನ್ನೊಂದು ಗಂಟೆ ಬಿಸಿಲಿಗೆ ಆ ಪಕ್ಕ ತಿರುಗಿಸಿ ನಿಲ್ಸಿ ಮೈ ಬಿಸಿಯಾದ ಮೇಲೆ ಕಿತ್ರೆ ಅದೂ ಬರತ್ತೆ. ಇಷ್ಟು ದಿನ ಹಾಳು ಮಾಡಿದ ಬಿಸ್ಲು ಅವತ್ತು ಒಂದು ದಿನ ಕೂಲಿ ಕೆಲ್ಸ ಮಾಡ್ಕೊಡ್ತು.

ಸ್ಟಿಕ್ಕರ್ ಬಂದ್ರೂ ಗಮ್ ಬರಲ್ಲ. ಮೊದ್ಲು ಸೀಮೆಎಣ್ಣೆ ಹಾಕಿದೆ, ಗಮ್ ಕರಗ್ತು, ಆದ್ರೆ ಮೈಯೆಲ್ಲ ಜಿಡ್ಡು, ಅದನ್ನ ತೆಗ್ಯೋಕೆ ಮತ್ತೆ ಸೋಪು. ಭಾವ ಬಂದವ್ನು "ಥಿನ್ನರ್ ಹಾಕು, ಒಂದೇ ಒರೆಸಿಗೆ ಹೋಗತ್ತೆ" ಅಂದ. ಹೋಯ್ತು, ಗಮ್ ಜೊತೆ ಪೇಂಟ್ ಶೈನಿಂಗೂ ಹೋಯ್ತು. ಹಿಂದಿನ ಬಾಗ್ಲು ಮೊದ್ಲು ಯಾರೋ ಟಚಪ್ ಮಾಡ್ಸಿದ್ದು ಅಂತ ಕಾಣತ್ತೆ, ಅಲ್ಲಿ ಅಂಗೈ ಅಗಲ ಮಂಕಾಗಿ ಕೂತಿದೆ. ಭಾವ ಅವತ್ತು ಊಟಕ್ಕೆ ನಿಲ್ಲದೆ ಹೋದ. ಕೊನೆಗೆ ಕೆಲ್ಸಕ್ಕೆ ಬಂದಿದ್ದು ಐಪಿಎ, ಐಸೊಪ್ರೊಪೈಲ್ ಆಲ್ಕೋಹಾಲ್, ಕೊರೋನಾ ಟೈಮಲ್ಲಿ ಎಲ್ರ ಮನೇಲೂ ಇತ್ತಲ್ಲ ಅದೇ. ಬಟ್ಟೆ ಒದ್ದೆ ಮಾಡಿ ಗಮ್ ಮೇಲೆ ಒಂದೆರಡು ನಿಮಿಷ ಇಟ್ಟು ಆಮೇಲೆ ಕಾರ್ಡಲ್ಲಿ ತಳ್ಳೋದು, ಸುರುಳಿ ಸುರುಳಿ ಬರತ್ತೆ.

ಎಲ್ಲಾ ತೆಗ್ದು ತೊಳ್ದು ದೂರ ನಿಂತು ನೋಡಿದ್ರೆ ಹಕ್ಕಿ ಅಲ್ಲೇ ಇದೆ! ಸ್ಟಿಕ್ಕರ್ ಇಲ್ಲ, ಆದ್ರೆ ಅದ್ರ ಅಡಿ ಇದ್ದ ಪೇಂಟಿಗೆ ಬಿಸ್ಲು ತಾಗಿಲ್ಲ, ಸುತ್ತ ಇದ್ದಿದ್ದು ಮಂಕಾಗಿದೆ, ಹಂಗಾಗಿ ಹೊಳೆಯೋ ಬಿಳೀಲಿ ಒಂದು ಮಂಗಟ್ಟೆ ದೆವ್ವ. ಮಗಳಿಗೆ ಅದೇ ಇಷ್ಟ ಆಗಿ ಹಂಗೇ ಬಿಡು ಅಂದ್ಲು. ರಬ್ಬಿಂಗ್ ಕಾಂಪೌಂಡ್ ಹಾಕಿ ಸುತ್ತ ಪಾಲಿಶ್ ಮಾಡಿದ ಮೇಲೆ ಮುಕ್ಕಾಲು ಪಾಲು ಹೋಯ್ತು, ಸಂಜೆ ಓರೆ ಬೆಳಕಲ್ಲಿ ಈಗ್ಲೂ ಸಣ್ಣಕ್ಕೆ ಕಾಣತ್ತೆ.

ಈ ಸಲ ಅಂಗಡಿ ಹುಡ್ಕೋವಾಗ ರೇಟ್ ಕೊನೆಗೆ ಕೇಳ್ದೆ. ಸಾಗರ ರೋಡಿನ ಆಟೋ ಕಾಂಪ್ಲೆಕ್ಸ್ ಕಡೆ ಒಬ್ರು ಸಿಕ್ಕಿದ್ರು, ಕೆಲ್ಸಕ್ಕಿಂತ ಮಾತು ಜಾಸ್ತಿ, ಆದ್ರೆ ಮಾತಲ್ಲಿ ವಿಷ್ಯ ಇತ್ತು. ಸ್ಟಿಕ್ಕರಲ್ಲಿ ಎರಡು ಜಾತಿ, ಕ್ಯಾಲೆಂಡರ್ಡ್ ಮತ್ತೆ ಕಾಸ್ಟ್ ಅಂತ ಹೇಳಿ ನನ್ನ ಮುಖ ನೋಡಿದ್ರು, ಅರ್ಥ ಆಗಿಲ್ಲ ಅಂತ ಗೊತ್ತಾಗಿ "ಸಾರ್, ಒಂದು ಚಪಾತಿ, ಒಂದು ನೀರುದೋಸೆ" ಅಂದ್ರು. ಕ್ಯಾಲೆಂಡರ್ಡ್ ಅಂದ್ರೆ ರೋಲರ್ ಮಧ್ಯೆ ಒತ್ತಿ ಎಳ್ದು ಮಾಡಿದ ಹಾಳೆ, ಲಟ್ಟಿಸಿದ ಚಪಾತಿ ಹೇಗೆ ಮಣೆ ಮೇಲೆ ಬಿಟ್ರೆ ವಾಪಸ್ ಕುಗ್ಗತ್ತೋ ಹಾಗೆ ಬಿಸ್ಲು ಬಿದ್ದಾಗ ಅದಕ್ಕೆ ತನ್ನ ಹಳೇ ಅಳತೆ ನೆನಪಾಗತ್ತೆ. ಕಾಸ್ಟ್ ಅಂದ್ರೆ ದ್ರವ ಹುಯ್ದು ಒಣಗ್ಸಿದ್ದು, ನೀರುದೋಸೆ ಥರ, ಯಾರೂ ಎಳ್ದಿಲ್ಲ ಆದ್ರಿಂದ ವಾಪಸ್ ಹೋಗೋ ಚಟ ಇಲ್ಲ. ತೆಳ್ಳಗೂ ಇರತ್ತೆ, 50 ಮೈಕ್ರಾನ್ ಆಸುಪಾಸು, ರಿವೆಟ್, ಉಬ್ಬುತಗ್ಗು ಇರೋ ಕಡೆ ಮೈಗೆ ಸರಿಯಾಗಿ ಕೂರತ್ತೆ. ರೇಟು ಡಬಲ್‌ಗಿಂತ ಜಾಸ್ತಿ, ಸುಳ್ಳು ಹೇಳಲ್ಲ. ನಾನು ಹಕ್ಕಿಗೆ ಮತ್ತೆ ಎಡಬಲದ ಪಟ್ಟಿಗೆ ಕಾಸ್ಟ್ ಹಾಕ್ಸಿ, ಬಾನೆಟ್ ಮೇಲೆ ಏನೂ ಬೇಡ ಅಂದೆ. ಅಡ್ಡಡ್ಡ ಇರೋ ಜಾಗದಲ್ಲಿ ಎಂಥಾ ಒಳ್ಳೇ ಸ್ಟಿಕ್ಕರೂ ಪಕ್ಕದಲ್ಲಿರೋದಕ್ಕಿಂತ ಬೇಗ ಹೋಗತ್ತೆ, ಅಲ್ಲಿ ದುಡ್ಡು ಸುಡೋದ್ಯಾಕೆ. ಪೂರ್ತಿ ಗಾಡಿಗೇ ರ್‍ಯಾಪ್ ಮಾಡ್ಸೋಣ್ವಾ ಅಂತ ಒಂದು ಆಸೆನೂ ಬಂದಿತ್ತು, ಬಣ್ಣನೇ ಬದಲಾದ್ರೆ ಆರ್‌ಸಿಲಿ ಬರೆಸ್ಬೇಕು, ಆರ್‌ಟಿಓ ಓಡಾಟ, ಬೇಡಪ್ಪಾ ಅಂತ ಬಿಟ್ಟೆ.

ಅವ್ರ ಹತ್ರ ಕಲ್ತ ಇನ್ನೊಂದು, ಪ್ರಿಂಟ್ ಆದ ತಕ್ಷಣ ಲ್ಯಾಮಿನೇಶನ್ ಹಾಕ್ಬಾರ್ದು, ಇಂಕಿನ ಸಾಲ್ವೆಂಟ್ ಆರೋಕೆ ಕನಿಷ್ಠ ಒಂದು ದಿನ ಬಿಡ್ಬೇಕು, ಇಲ್ದಿದ್ರೆ ಅದು ಒಳಗೆ ಸಿಕ್ಕಾಕ್ಕೊಂಡು ಗಮ್ಮನ್ನೇ ಮೆತ್ತಗೆ ಮಾಡತ್ತೆ. ನಾನು "ಇವತ್ತೇ ಕೊಡಿ, ಊರಿಗೆ ಹೋಗ್ಬೇಕು" ಅಂತ ಹಠ ಮಾಡೋ ಗಿರಾಕಿ, ಅವ್ರು ಕೊಡ್ಲಿಲ್ಲ. ಲ್ಯಾಮಿನೇಶನ್ ಅಂದ್ರೆ ಮೇಲೆ ಇನ್ನೊಂದು ಪಾರದರ್ಶಕ ಹಾಳೆ, ಯುವಿ ಅಂದ್ರೆ ಬಿಸಿಲಿನ ನೇರಳಾತೀತ ಕಿರಣ ತಡೆಯೋಂಥದ್ದು, ಬಿಸ್ಲು ಮೊದ್ಲು ಅದನ್ನ ತಿನ್ಬೇಕು, ಆಮೇಲೆ ಇಂಕು. ಕಾಸ್ಟ್ ಹಾಳೆ ಮೇಲೆ ಲ್ಯಾಮಿನೇಶನ್ನೂ ಕಾಸ್ಟೇ ಇರ್ಬೇಕು, ಇಲ್ದಿದ್ರೆ ದೋಸೆ ಮೇಲೆ ಚಪಾತಿ ಇಟ್ಟ ಹಾಗೆ, ಮೇಲಿಂದು ಕುಗ್ಗಿ ಕೆಳಗಿಂದನ್ನ ಎಬ್ಬಿಸತ್ತೆ. ಮತ್ತೆ ಪಟ್ಟಿ ತುದಿ ಚೂಪು ಬಿಡ್ದೆ ಎಲ್ಲಾ ಮೂಲೆ ದುಂಡಗೆ ಕತ್ತರಿಸಿದ್ರು. ಚೂಪು ಮೂಲೆನೇ ಮೊದ್ಲು ಏಳೋದಂತೆ, ಕಿಟಕಿ ರಬ್ಬರ್ ಅಡಿಗೂ ತುರುಕದೆ ಎರಡು-ಮೂರು ಮಿಲಿಮೀಟರ್ ಈಚೆಗೇ ನಿಲ್ಸಿದ್ರು, ಅಲ್ಲಿ ನೀರು ನಿಲ್ಲತ್ತೆ ಅಂತ.

ಹಾಕಿದ್ದು 2024ರ ಜನವರೀಲಿ. ಹಿಂದಿನ ರಾತ್ರಿನೇ ಗಾಡಿ ಅವ್ರ ಶೆಡ್ಡಿನ ಒಳಗೆ ಬಿಡ್ಸಿದ್ರು, ಬೆಳಿಗ್ಗೆ ಇಬ್ಬನಿ ಕೂತ್ರೆ ಕಿಟಕಿ ಸಂದಿ, ರಿವೆಟ್ ಸುತ್ತ ಒಣಗೋಕೆ ಮಧ್ಯಾಹ್ನ ಆಗತ್ತೆ ಅಂತ. ಐಪಿಎಲಿ ಒರೆಸಿದ ಮೇಲೆ ಮೈಗೆ ಬರಿಗೈ ತಾಗ್ಸೋಕೆ ಬಿಡ್ಲಿಲ್ಲ, ನಾನು ಅಭಿಮಾನದಿಂದ ಒಂದ್ಸಲ ಸವರಿದ್ದಕ್ಕೆ ಬೈಸ್ಕೊಂಡು ಮತ್ತೆ ಒರೆಸಿದ್ರು. ಹಾಕಿ ಮುಗ್ಸಿ ಅಂಚಿಗೆಲ್ಲ ಹೀಟ್ ಗನ್, ಆಮೇಲೆ ಕೆಳ ಅಂಚು ಮತ್ತೆ ಚಕ್ರದ ಹಿಂದಿನ ಭಾಗಕ್ಕೆ ಮಾತ್ರ ಎಡ್ಜ್ ಸೀಲರ್ ಅಂತ ಒಂದು ದ್ರವ ಬ್ರಶ್ಶಲ್ಲಿ ಎಳ್ದ್ರು. ಮೂರು ದಿನ ನೀರು ಹಾಕ್ಬೇಡಿ ಅಂದಿದ್ರು, ನಾನು ಒಂದು ವಾರ ಹಾಕ್ಲಿಲ್ಲ.

ಇನ್ನು ನೋಡ್ಕೊಳ್ಳೋ ವಿಷ್ಯ. ವಾಟರ್ ಸರ್ವೀಸಿಗೆ ಕೊಡೋದು ನಿಲ್ಸಿದೀನಿ. ಪ್ರೆಶರ್ ಗನ್ ತಂದು ಅಂಚಿಗೇ ಹಿಡೀತಾರೆ, ಎಷ್ಟೇ ಹೇಳಿದ್ರೂ ಅಷ್ಟೇ, ಕನಿಷ್ಠ ಒಂದಡಿ ದೂರದಿಂದ ಅಗಲವಾಗಿ ನೇರಕ್ಕೆ ಹೊಡೀಬೇಕು, ಓರೆಯಾಗಿ ಅಂಚಿನ ಕೆಳಗೆ ಹೊಡೆದ್ರೆ ನೀರು ಚಾಕು ಥರ ಒಳಗೆ ಹೋಗತ್ತೆ. ಅದಕ್ಕಿಂತ ಅಪಾಯ ಕೊನೇಲಿ ಹೊಳಪು ಬರ್ಲಿ ಅಂತ ಹೊಡೆಯೋ ಡೀಸೆಲ್. ಕಪ್ಪಗೆ ಮಿರಮಿರ ಅನ್ನತ್ತೆ, ಆದ್ರೆ ಸ್ಟಿಕ್ಕರ್ ಗಮ್ಮಿಗೆ ಡೀಸೆಲ್ಲೂ ಒಂದೇ ನಾನು ಹಾಕಿದ ಸೀಮೆಎಣ್ಣೆನೂ ಒಂದೇ. ಈಗ ಮನೇಲೇ ಬಕೆಟ್ಟಲ್ಲಿ ಕಾರ್ ಶಾಂಪೂ, ಮೆತ್ತನೆ ಬಟ್ಟೆ, ಮೇಲಿಂದ ಕೆಳಗೆ, ನೆರಳಲ್ಲಿ. ಬಟ್ಟೆ ಸೋಪಿನ ಪುಡಿ ಬೇಡ. ಪೆಟ್ರೋಲಿಯಂ ಅಂಶ ಇರೋ ವ್ಯಾಕ್ಸು, ಪಾಲಿಶು ಸ್ಟಿಕ್ಕರ್ ಮೇಲೆ ಹೋಗ್ಬಾರ್ದು, ಅಂಚಲ್ಲಿ ಬೆಳ್ಳಗೆ ಸುಣ್ಣದ ಥರ ಕೂತ್ರೆ ತೆಗ್ಯೋದೂ ಕಷ್ಟ. ನೀರಿನ ಆಧಾರದ ಯುವಿ ಪ್ರೊಟೆಕ್ಟೆಂಟ್ ಬರತ್ತೆ, ನಾನು 303 ಅನ್ನೋದು ಆನ್‌ಲೈನಲ್ಲಿ ತರ್ಸಿದೀನಿ, ತೊಳ್ದು ಒಣಗ್ಸಿ ಸ್ಪ್ರೇ ಮಾಡಿ ಒರೆಸೋದು ಅಷ್ಟೇ, ಬೇಸಿಗೇಲಿ ತಿಂಗಳಿಗೊಂದ್ಸಲ. ಮಳೆಗಾಲದಲ್ಲಿ ಹಾಕಲ್ಲ, ಹಾಕಿದ್ರೂ ನಮ್ಮೂರ ಮಳೆಗೆ ಎಷ್ಟು ದಿನ ನಿಲ್ಲತ್ತೆ ಹೇಳಿ.

ಆದ್ರೆ ಯಾರೂ ಹೇಳ್ದೇ ಇದ್ದ ಒಂದು ಆಪತ್ತು ತೋಟದಿಂದ ಬಂತು. 2024ರ ಜೂನ್ ಶುರುವಲ್ಲಿ ಅಡಿಕೆಗೆ ಕೊಳೆ ರೋಗದ ಔಷಧಿ ಹೊಡೀತಿದ್ರು, ಬೋರ್ಡೋ, ಮೈಲುತುತ್ತ ಸುಣ್ಣ ಕಲ್ಸಿದ್ದು. ಫೈಬರ್ ದೋಟೀಲಿ ಅಷ್ಟೆತ್ತರಕ್ಕೆ ಹೊಡೆದ್ರೆ ಗಾಳಿಗೆ ಎಲ್ಲಿಗೆ ಬೇಕಾದ್ರೂ ಹಾರತ್ತೆ, ತೋಟದ ಅಂಚಲ್ಲಿ ನಿಂತಿದ್ದ ಗಾಡಿ ತುಂಬ ನೀಲಿ ಚುಕ್ಕೆ. ನಾನು ಎರಡು ದಿನ ಬಿಟ್ಟು ನೋಡಿದ್ದು, ಒಣಗಿ ಕಚ್ಕೊಂಡಿತ್ತು, ಶಾಂಪೂಗೆ ಜಪ್ಪಯ್ಯ ಅನ್ಲಿಲ್ಲ. ಅಮ್ಮ ನೋಡಿ "ಸುಣ್ಣ ಅಲ್ಲನಾ, ಹುಳಿ ಹಾಕು" ಅಂದ್ರು, ತಾಮ್ರದ ಹಂಡೆ ತಿಕ್ಕೋ ಲೆಕ್ಕದಲ್ಲಿ. ವಿಜ್ಞಾನ ಸರಿಯಾಗೇ ಇದೆ, ಸುಣ್ಣಕ್ಕೆ ಆಮ್ಲ. ಹುಣಸೆಹಣ್ಣಿನ ನೀರು ಬಣ್ಣ ಬಿಡತ್ತೇನೋ ಅಂತ ಹೆದರಿ ವಿನೆಗರಿಗೆ ನೀರು ಬೆರೆಸಿ ಮೊದ್ಲು ಬಂಪರ್ ಮೇಲೆ ಟ್ರೈ ಮಾಡಿ, ಆಮೇಲೆ ಬಟ್ಟೇಲಿ ಒತ್ತಿ ಒತ್ತಿ ತೆಗ್ದು ತಕ್ಷಣ ತುಂಬಾ ನೀರು ಹಾಕಿದೆ. ಹೋಯ್ತು. ಈಗ ಔಷಧಿ ಹೊಡೆಯೋ ದಿನ ಗಾಡಿ ರೋಡಿಗೆ. ಅಡಿಕೆ ಬೇಯ್ಸೋ ಟೈಮಲ್ಲೂ ಒಲೆ ಕಡೆ ನಿಲ್ಸಲ್ಲ, ಚೊಗರು (ಅಡಿಕೆ ಬೇಯ್ಸಿದ ನೀರು) ಹಾರಿದ್ರೆ ಅದ್ರ ಕೆಂಪು ಯಾವ ಜನ್ಮಕ್ಕೂ ಹೋಗಲ್ಲ.

ನೆರಳಿಗೆ ಮೊದ್ಲು ಮಾವಿನ ಮರದ ಅಡಿ ನಿಲ್ಸಿದ್ದೆ, ಸೊನೆ, ಹಕ್ಕಿ ಪಿಕ್ಕೆ, ಒಂದು ತಿಂಗಳಿಗೆ ಸಾಕಾಯ್ತು. ಕೊನೆಗೆ ಅಪ್ಪಯ್ಯ ಹೇಳಿದ ಹಾಗೇ ಆಯ್ತು. ಮೇಲೆ ತಗಡಿನ ಶೀಟು, ದಕ್ಷಿಣ ಮತ್ತೆ ಪಶ್ಚಿಮಕ್ಕೆ ಅಡಿಕೆ ದಬ್ಬೆ ಕಟ್ಟಿ ಗಾಡಿಯಿಂದ ಎರಡು ಮೊಳ ದೂರಕ್ಕೆ ಬೇಸಿಗೇಲಿ ಶೇಡ್ ನೆಟ್, ಮಳೆಗಾಲದಲ್ಲಿ ಅದೇ ದಬ್ಬೆಗೆ ಸೋಗೆ ತಟ್ಟಿ. ಎರಚಲು ತಟ್ಟಿಗೆ ಹೊಡ್ದು ಅಲ್ಲೇ ಇಳಿಯತ್ತೆ, ಗಾಳಿ ಮಾತ್ರ ಒಳಗೆ ಬಂದು ಹೋಗತ್ತೆ. ಗಾಡಿ ಮುಖನೂ ತಿಂಗಳಿಗೊಂದ್ಸಲ ತಿರುಗಿಸಿ ನಿಲ್ಸೋದು ಅಭ್ಯಾಸ ಆಗಿದೆ. ಮತ್ತೆ ಪ್ರತಿ ವರ್ಷ ಮೇ ಕೊನೇಲಿ, ಮೃಗಶಿರ ಮಳೆ ಹಿಡಿಯೋಕೆ ಮುಂಚೆ, ಬಿಸಿಲಲ್ಲಿ ಒಂದು ಗಂಟೆ ಕೂತು ಎಲ್ಲಾ ಅಂಚಿಗೂ ಉಗುರು ಓಡ್ಸಿ ನೋಡ್ತೀನಿ. ಬೇರೆ ಏನು ಮಾಡ್ದೇ ಇದ್ರೂ ಇದೊಂದು ಮಾಡಿ, ನಮ್ಮ ಕಡೆಯವ್ರಿಗೆ ಹೇಳ್ತಿರೋದು.

2024ರ ಪುನರ್ವಸು ಪುಷ್ಯ ನೋಡಿದ್ರಲ್ಲ, ಹೇಗೆ ಸುರೀತು ಅಂತ. ಅದನ್ನ ದಾಟಿ ಇನ್ನೊಂದು ಮಳೆಗಾಲನೂ ದಾಟಿದೆ, ಕೊಕ್ಕು ಹಳದಿನೇ ಇದೆ. ಮೊನ್ನೆ ನೋಡೋವಾಗ ಹಿಂದಿನ ಏಣಿ ಹತ್ರ ಪಟ್ಟಿಯ ಒಂದು ತುದಿ ಕಿರುಬೆರಳ ಉಗುರಿನಷ್ಟು ಎದ್ದಿತ್ತು, ಹತ್ತೋವಾಗ ಯಾರದೋ ಕಾಲು ತಾಗಿರ್ಬೇಕು. ಬಿಸಿ ಮಾಡಿ ಒತ್ತಿದೆ, ಕೂರ್ಲಿಲ್ಲ, ಗಮ್ಮಿಗೆ ಆಗ್ಲೇ ಮಣ್ಣು ಮೆತ್ತಿತ್ತು. ಅಂಥದ್ದನ್ನ ಮತ್ತೆ ಅಂಟ್ಸೋಕೆ ಹೋಗ್ದೆ ಎದ್ದಷ್ಟನ್ನ ದುಂಡಗೆ ಕತ್ತರಿಸಿ ತೆಗ್ದು ಹೊಸ ಅಂಚಿಗೆ ಸೀಲರ್ ಎಳೆಯೋದೇ ಸರಿ. ಸೀಲರ್ ಬಾಟ್ಲಿ ಮುಚ್ಚಳ ಸರಿ ಹಾಕ್ದೆ ಒಣಗಿ ಕಲ್ಲಾಗಿದೆ, ಸೋಮವಾರ ಶಿವಮೊಗ್ಗಕ್ಕೆ ಹೋದಾಗ ತರ್ಬೇಕು.